ಗಾಳ, ಎರೆ, ಬೆಂಡು: ಕೋಲಾರ ಸೀಮೆಯ ಮೀನುಬೇಟೆಯ ಇತಿಹಾಸಕ್ಕೆ ಒಂದು ಪ್ರವೇಶ

ಹರಿಯುವ ಹೊಳೆಯಲ್ಲಿ ಸೊಂಟದುದ್ದ ನೀರಿಗಿಳಿದು, ಗರಿ ನೂಲುಗಳಿಂದ ಕಟ್ಟಿದ ಕೃತಕ ನೊಣವನ್ನು ಉದ್ದನೆಯ ಕೋಲಿನಿಂದ ಬೀಸಿ ಮೀನು ಹಿಡಿಯುವುದು ಪಾಶ್ಚಾತ್ಯರಲ್ಲಿ ಪ್ರಸಿದ್ಧವಾದ ವಿನೋದ. ಬ್ರಿಟನ್ನಿನ ಸಾಮನ್, ಅಮೆರಿಕದ ಪೂರ್ವತೀರದ ಪಟ್ಟೆ ಬಾಸ್ ಮೊದಲಾದ ಮೀನುಗಳನ್ನು ಹೀಗೆಯೇ ಹಿಡಿಯುತ್ತಾರೆ. ಗಾಳದ ಬೇಟೆಯನ್ನು ಒಂದು ವಿನೋದವೆಂದು ನಮಗೆ ಕಲಿಸಿದವರು ಆಂಗ್ಲರೇ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಕ್ರಿ. ಶ. 1126–1138) ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’, ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಅರಸನ ವಿನೋದಗಳ ಸಾಲಿನಲ್ಲಿ ಇದು ಮತ್ಸ್ಯವಿನೋದವನ್ನೂ ಸೇರಿಸಿಕೊಂಡಿದೆ. ಕಡಲ ಮೀನು ಹೊಳೆಯ ಮೀನುಗಳ ಭೇದ, ಸಿಪ್ಪೆಯುಳ್ಳವು ಇಲ್ಲದವು ಎಂಬ ವಿಭಾಗ, ಮೀನುಗಳಿಗೆ ಉಣಿಸಬೇಕಾದ ಆಹಾರ, ಕೋಲು, ದಾರ, ಕೊಕ್ಕೆ ಇವೆಲ್ಲ ಅಲ್ಲಿ ಕ್ರಮವಾಗಿ ನಿರೂಪಿತವಾಗಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ಗಾಳದ ಬೇಟೆಯನ್ನು ಕುರಿತ ಆಂಗ್ಲಭಾಷೆಯ ಮೊದಲ ಮುದ್ರಿತ ಪ್ರಬಂಧ 1496ರದು ಎಂಬುದನ್ನು ನೆನೆದರೆ, ಕನ್ನಡನಾಡಿನ ಅರಸನ ಗ್ರಂಥ ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಿಂದಿನದೆಂದು ತಿಳಿಯುತ್ತದೆ. ಆದರೆ ಸೋಮೇಶ್ವರನು ಹೇಳುವುದು ಎರೆಯ ಬೇಟೆಯನ್ನು. ಆದುದರಿಂದ ನೊಣದ ಬೇಟೆಯೂ ನಮ್ಮದೇ ಎಂದು ಸಾಧಿಸಹೊರಡುವುದು ಅವಿಚಾರವಾದೀತು.

ನೊಣದ ಬೇಟೆಯನ್ನು ದಕ್ಷಿಣ ಭಾರತದ ಮೀನುಗಳಿಗೆ ಹೊಂದಿಸಿ ವಿವರವಾಗಿ ಬರೆದವರಲ್ಲಿ ಮುಖ್ಯನು ಹೆನ್ರಿ ಸಲಿವನ್ ಥಾಮಸ್. ಮದರಾಸು ಸಿವಿಲ್ ಸರ್ವಿಸಿನ ಈ ಅಧಿಕಾರಿ ದಕ್ಷಿಣ ಕನ್ನಡದಲ್ಲಿದ್ದಾಗ ಪಡೆದ ಅನುಭವದಿಂದ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1887ರಲ್ಲಿ ಅವನು ಕೆರೆಗಳ ಗಾಳದ ಬೇಟೆಯನ್ನೇ ಕುರಿತು ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಗ್ರಂಥವನ್ನು ಹೊರತಂದನು. ಸಣ್ಣ ಮರಿಗಳ ನಾಶವನ್ನು ಕುರಿತು ಅವನು ಎತ್ತಿದ ಕಳವಳ ಆ ಕಾಲದ ಸರ್ಕಾರದ್ದೂ ಆಗಿದ್ದಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ ಈ ಎರಡನೆಯ ಗ್ರಂಥವೇ ಹೆಚ್ಚು ಸಮೀಪದ್ದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆಗಾಲದ ಹೊಳೆ. ಅದರ ನೀರನ್ನು ಬೇತಮಂಗಲದಂಥ ಕೆರೆಗಳಲ್ಲಿ ತಡೆದು ನಿಲ್ಲಿಸಿಯೇ ಜನ ಬಾಳಿದರು. ಇಲ್ಲಿನ ಗಾಳಗಾರನು ನಿಂತುದು ಹೊಳೆಯ ನಡುವೆ ಅಲ್ಲ. ಕೆರೆಯ ಏರಿಯ ಮೇಲೆ, ತೂಬಿನ ಬಳಿ, ಕೋಡಿಯ ಕೆಳಗೆ.

ಅರಸನು ತನ್ನ ವಿನೋದವನ್ನು ತಾನೇ ಬರೆದನು; ಅಧಿಕಾರಿಯೂ ಬರೆದನು. ಏರಿಯ ಮೇಲೆ ಕುಳಿತವನು ಏನನ್ನೂ ಬರೆಯಲಿಲ್ಲ. ಹಾಗಾದರೆ ಅವನ ಇತಿಹಾಸಕ್ಕೆ ಆಧಾರವೇನು? ಅವನ ಮಾತೇ ಆಧಾರ. ಕನ್ನಡದ ಗಾಳ, ತೆಲುಗಿನ ಗಾಲಮು. ಕನ್ನಡದ ಎರೆ, ತೆಲುಗಿನ ಎರ. ಬೆಂಡು ಎರಡರಲ್ಲಿಯೂ ಬೆಂಡೇ. ಕೊಕ್ಕೆ, ಕೊಕ್ಕೆಗೆ ಸಿಕ್ಕಿಸುವ ಆಹಾರ, ನೀರಿನ ಮೇಲೆ ತೇಲುವ ಗುರುತು, ಹೀಗೆ ಬೇಟೆಯ ಮೂರು ಮುಖ್ಯಾಂಗಗಳಿಗೂ ಎರಡು ನುಡಿಗಳ ಈ ಗಡಿಸೀಮೆಯಲ್ಲಿ ಹೆಸರುಗಳು ಒಂದೇ ಬಗೆಯವು. ಇವು ಮೂಲದ್ರಾವಿಡದಿಂದ ಬಂದ ಸಮಾನ ಆಸ್ತಿಯೇ ಆಗಿರಲಿ, ನೆರೆಹೊರೆಯ ಕೊಡುಕೊಳೆಯೇ ಆಗಿರಲಿ, ಇವುಗಳಲ್ಲಿ ಒಂದೂ ಆಂಗ್ಲರಿಂದ ಬಂದುದಲ್ಲ; ಸಂಸ್ಕೃತ ಗ್ರಂಥದಿಂದ ಇಳಿದುದೂ ಅಲ್ಲ. ಈ ಕಲೆ ಜನಸಾಮಾನ್ಯರದೇ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಮಾತು ಬಳಕೆಯಿಂದ ಉಳಿಯುವ ವಸ್ತು. ಮಳೆ ಕೈಕೊಟ್ಟು ಕೆರೆಗಳು ವರ್ಷಗಟ್ಟಲೆ ಬತ್ತಿ ನಿಂತ ಕಾಲದಲ್ಲಿ ಇಲ್ಲಿ ಒಂದು ತಲೆಮಾರು ಗಾಳವನ್ನು ಹಿಡಿಯದೆಯೇ ಬೆಳೆಯಿತು. 2018ರಿಂದ ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರದ ಕೆರೆಯಿಂದ ಮೊದಲ್ಗೊಂಡು ಈ ಜಿಲ್ಲೆಯ ಕೆರೆಗಳನ್ನು ಸೇರುತ್ತಿದೆ. ನೀರು ಮರಳಿ ಬಂದೀತು. ಮರೆತ ಮಾತು ಹಾಗೆ ಬಾರದು. ಮೀನಿನ ಹೆಸರು, ಎರೆಯ ಬಗೆ, ಗಂಟಿನ ರೀತಿ ಇವನ್ನು ಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇರುವಾಗಲೇ ವಿದ್ಯಾರ್ಥಿಗಳು ಊರೂರಿಗೆ ಹೋಗಿ ಬರೆದುಕೊಳ್ಳಬೇಕು. ಶಾಸನವನ್ನು ಅಚ್ಚೊತ್ತಿ ತರುವಷ್ಟೇ ಶ್ರದ್ಧೆ ಈ ಕಾರ್ಯಕ್ಕೂ ಸಲ್ಲತಕ್ಕದ್ದು.