ಪಂದ್ಯದ ಚಿತ್ರ ಯಾರ ಸ್ವತ್ತು?

1993ರ ನವೆಂಬರ್ 24ರ ರಾತ್ರಿ. ಅಂದಿನ ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಹೊನಲು ಬೆಳಕಿನಡಿ ಹೀರೊ ಕಪ್ ಸೆಮಿಫೈನಲ್. ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಬೇಕಿದ್ದುದು 6 ರನ್. ಚೆಂಡು ಕೈಗೆತ್ತಿಕೊಂಡ ಸಚಿನ್ ತೆಂಡೂಲ್ಕರ್ ಕೊಟ್ಟಿದ್ದು ಮೂರೇ ರನ್. ಭಾರತಕ್ಕೆ 2 ರನ್ ಗೆಲುವು. ಮೂರು ದಿನಗಳ ನಂತರ ಫೈನಲ್‌ನಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ 12 ರನ್ನಿಗೆ 6 ವಿಕೆಟ್ ಉರುಳಿಸಿದರು. ಈ ಆಟ ಕ್ರಿಕೆಟ್ ಪ್ರಿಯರ ನೆನಪಿನಲ್ಲಿದೆ. ಆದರೆ ಅದರ ಪ್ರಸಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಬಹಳ ಮಂದಿಗೆ ತಿಳಿದಿಲ್ಲ.

ಟೂರ್ನಿ ನಡೆಸಿದ ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಕಂಪನಿಗೆ ಮಾರಿತ್ತು. ದೂರದರ್ಶನ ಇದನ್ನು ಒಪ್ಪಲಿಲ್ಲ. ಮೈದಾನದ ಕ್ಯಾಮೆರಾಗಳಿಂದ ಬರುವ ದೃಶ್ಯ ಹೊರಾಂಗಣ ಪ್ರಸಾರ ವಾಹನ ಸೇರುತ್ತದೆ. ಅಲ್ಲಿ ಆಯ್ದ ದೃಶ್ಯ ಭೂಕೇಂದ್ರದಿಂದ ಉಪಗ್ರಹಕ್ಕೇರಿ, ಮತ್ತೆ ಭೂಮಿಗಿಳಿದು ಮನೆಯ ಪರದೆಗೆ ತಲುಪುತ್ತದೆ. ಉಪಗ್ರಹಕ್ಕೆ ಸಂಕೇತ ಕಳುಹಿಸಲು ಸರ್ಕಾರದ ಅನುಮತಿ ಬೇಕೇ ಬೇಕು. ಆಗ ಇದಕ್ಕೆ ಆಧಾರವಾಗಿದ್ದುದು 1885ರ ಟೆಲಿಗ್ರಾಫ್ ಕಾಯ್ದೆ! ತಂತಿ ಸಂದೇಶದ ಕಾಲಕ್ಕೆ ಬ್ರಿಟಿಷರು ಮಾಡಿದ ಕಾನೂನು ಕ್ರಿಕೆಟ್ಟಿನ ಚಿತ್ರಕ್ಕೂ ಅನ್ವಯವಾಯಿತು. ನ್ಯಾಯಾಲಯಗಳ ಮಧ್ಯಂತರ ಆದೇಶಗಳು ಆ ಟೂರ್ನಿಯ ಮಟ್ಟಿಗೆ ದಾರಿ ಮಾಡಿಕೊಟ್ಟವು.

ಅಂತಿಮ ತೀರ್ಪು ಬಂದದ್ದು 1995ರ ಫೆಬ್ರುವರಿ 9ರಂದು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಹಾಗೂ ಬಿ.ಪಿ. ಜೀವನ್ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. ಅವು ಸರ್ಕಾರದ ಏಕಸ್ವಾಮ್ಯವಲ್ಲ. ಹಣವಿದ್ದವರ ಸೊತ್ತೂ ಅಲ್ಲ. ಅವುಗಳ ಬಳಕೆಯನ್ನು ಸ್ವಾಯತ್ತ ಸಂಸ್ಥೆಯೊಂದು ಜನಹಿತಕ್ಕಾಗಿ ನಿಯಂತ್ರಿಸಬೇಕು ಎಂಬುದು ತೀರ್ಪಿನ ಸಾರ. 1990ರಲ್ಲೇ ಕಾಯ್ದೆಯಾಗಿ ಮೂಲೆ ಸೇರಿದ್ದ ಪ್ರಸಾರ ಭಾರತಿ 1997ರಲ್ಲಿ ಜಾರಿಗೆ ಬಂತು.

ಸರ್ಕಾರದ ಹಿಡಿತವೇನೋ ಸಡಿಲಿತು. ಆದರೆ ಆ ಜಾಗಕ್ಕೆ ಬಂದದ್ದು ಪೈಪೋಟಿಯ ಹಣ. ಖಾಸಗಿ ವಾಹಿನಿಗಳು ಹಕ್ಕುಗಳನ್ನು ಕೊಳ್ಳತೊಡಗಿದಂತೆ, ಬರೀ ಆಂಟೆನಾ ನೆಚ್ಚಿಕೊಂಡಿದ್ದ ಹಳ್ಳಿಯ ಮನೆಗೆ ಪಂದ್ಯ ಎಟುಕದಾಯಿತು. ಹೀಗಾಗಿ ಸಂಸತ್ತು 2007ರಲ್ಲಿ ಇನ್ನೊಂದು ಕಾಯ್ದೆ ತಂದಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ದೃಶ್ಯವನ್ನು, ಜಾಹೀರಾತು ತೆಗೆದು, ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳುವುದು ಕಡ್ಡಾಯವಾಯಿತು. ಆದರೆ ಆ ದೃಶ್ಯ ದೂರದರ್ಶನದ ಭೂಪ್ರಸಾರ ಮತ್ತು ಅದರದೇ ಡಿಟಿಎಚ್‌ಗೆ ಮಾತ್ರ, ಖಾಸಗಿ ಕೇಬಲ್ಲಿಗಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಟಿ.ವಿ. ಅಂಗಡಿಯ ಗಾಜಿನಾಚೆಯ ಪರದೆಯನ್ನು ಬೀದಿಯಲ್ಲಿ ನಿಂತು ನೋಡಿದವರಿಗೆ ಟಿಕೆಟ್ ಇರಲಿಲ್ಲ. ಇಂದು ಮೈದಾನದಲ್ಲಿ ದೊಡ್ಡ ಎಲ್‌ಇಡಿ ಪರದೆ ಕಟ್ಟಿ, ಹಣ ಪಡೆದು ಪಂದ್ಯ ತೋರಿಸಬೇಕಾದರೆ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರದ ಹಕ್ಕುದಾರರ ಪರವಾನಗಿ ಬೇಕು. ತರಂಗ ಜನರದ್ದು, ಅದರ ಮೇಲೇರಿ ಬರುವ ಚಿತ್ರ ಹಕ್ಕು ಕೊಂಡವರದ್ದು. ಇವೆರಡರ ನಡುವೆ ನೋಡುಗನ ಪಾಲೆಷ್ಟು ಎಂಬ ಹೀರೊ ಕಪ್ ಕಾಲದ ಪ್ರಶ್ನೆಯಂತೂ ಇನ್ನೂ ಮುಗಿದಿಲ್ಲ.