ಗುರುವಿನ ಆಸರೆಯಲ್ಲಿ ಕಟ್ಟಳೆ ಮೀರಿದವರು

ಧಾರವಾಡ ಜಿಲ್ಲೆಯ ಕುಂದಗೋಳ ಸೀಮೆಯಲ್ಲಿ ಜಾತಿ, ಮತ, ಮನೆತನದ ಕಟ್ಟಳೆ ಮೀರಿ ತಮ್ಮದೇ ದಾರಿ ಹಿಡಿದವರು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಒಬ್ಬರಾದ ಮೇಲೊಬ್ಬರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಹೊಸ ಪಂಥ ಕಟ್ಟಲಿಲ್ಲ, ಊರಿಗೆ ಬೆನ್ನು ಹಾಕಿ ಹೋಗಲೂ ಇಲ್ಲ. ಒಬ್ಬ ಗುರುವನ್ನು ಆರಿಸಿಕೊಂಡು ಆ ಬಲದ ಮೇಲೆ ನಿಂತರು. ಕುಲ, ಮತ, ಬೀಗತನ ಎಲ್ಲವೂ ಹುಟ್ಟಿನೊಡನೆ ಗಂಟುಬಿದ್ದು ಬರುತ್ತಿದ್ದ ಕಾಲದಲ್ಲಿ ಮನುಷ್ಯ ತಾನಾಗಿ ಆಯ್ದುಕೊಳ್ಳಬಹುದಾಗಿದ್ದ ನಂಟು ಗುರುವಿನದು. ಈ ಸೀಮೆಯಲ್ಲಿ ವ್ಯಕ್ತಿಸ್ವಾತಂತ್ರ್ಯಕ್ಕೆ ಬಾಗಿಲು ತೆರೆದದ್ದು ಅದೇ ನಂಟು.

ಕುಬಿಹಾಳ, ಕಳಸ ಮೊದಲಾದ ಹಳ್ಳಿಗಳ ಕುಂದಗೋಳ ತಾಲೂಕು ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಭೂಮಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಆಡಳಿತ ಒಂದೇ ಕೈಯಲ್ಲಿರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನದ ಪಟವರ್ಧನರದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಸವಣೂರಿನಲ್ಲಿ ನವಾಬರು, ಸುತ್ತಣ ಧಾರವಾಡ ಜಿಲ್ಲೆ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿದ್ದು. ಒಡೆತನ ಹೀಗೆ ಹರಿದು ಹಂಚಿಹೋಗಿದ್ದರೂ ಜನರ ಆಚರಣೆಗೆ ಗಡಿಯಿರಲಿಲ್ಲ. ಮೊಹರಂ ಬಂದರೆ ಲಿಂಗಾಯತರು, ಕುರುಬರು, ತಳವಾರರು ಎಲ್ಲರೂ ಅಲಾಯಿ ದೇವರಿಗೆ ಸಕ್ಕರೆ ಓದಿಸುವುದು, ಹರಕೆ ಹೊರುವುದು ಉತ್ತರ ಕರ್ನಾಟಕದ ಹಳ್ಳಿಗಳ ವಾಡಿಕೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಪಂಜಾ ಕೂಡಿಸುತ್ತಾರೆ. ಆದರೆ ಹಬ್ಬದಲ್ಲಿ ಕೂಡಿದವರು ಊಟಕ್ಕೆ ಕೂಡುತ್ತಿರಲಿಲ್ಲ, ನಂಟಸ್ತಿಕೆಗಂತೂ ಮೊದಲೇ ಇಲ್ಲ. ಪಂಕ್ತಿ ಮತ್ತು ಮದುವೆ, ಇವೆರಡರಲ್ಲಿ ಕಟ್ಟಳೆ ಬಿಗಿಯಾಗಿಯೇ ಇತ್ತು.

ಆ ಪಂಕ್ತಿಯ ಕಟ್ಟಳೆಯನ್ನೇ ಮುರಿದವರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣರಾಗಿ ಹುಟ್ಟಿ, ದೇವಿಯ ಉಪಾಸಕರಾಗಿದ್ದ ಅವರು ಮಡಿ-ಮೈಲಿಗೆಗೆ ಸೊಪ್ಪು ಹಾಕದೆ ಎಲ್ಲ ಜಾತಿಯವರ ಮನೆಗೂ ಹೋಗಿ ಬರುತ್ತಿದ್ದರೆಂದು ಪ್ರತೀತಿ. ಅವರ ಶಿಷ್ಯರಾದವರು ಶಿಶುನಾಳದ ಮಹಮ್ಮದ್ ಶರೀಫರು. 1819ರಲ್ಲಿ ಹುಟ್ಟಿದ ಶರೀಫರ ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಅವರ ಊರು ಇಂದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ. ಹುಲಗೂರಿನ ಖಾದರಶಾವಲಿಯ ದರ್ಗಾಕ್ಕೆ ನಡೆದುಕೊಳ್ಳುತ್ತಿದ್ದ ಮನೆತನ ಅದು. ಶರೀಫರು ಕನ್ನಡ ಶಾಲೆಯಲ್ಲಿ ಓದಿದರು, ಕೆಲಕಾಲ ಮಾಸ್ತರಿಕೆ ಮಾಡಿದರು, ಚಾಮರಸನ ಪ್ರಭುಲಿಂಗಲೀಲೆಯನ್ನೂ ರಾಮಾಯಣ, ಮಹಾಭಾರತಗಳನ್ನೂ ಅರಗಿಸಿಕೊಂಡರು. ಕುಂದಗೋಳದ ಫಾತಿಮಾ ಅವರನ್ನು ಮದುವೆಯಾದರು. ಹೆಂಡತಿಯೂ ಮಗಳೂ ಬೇಗನೆ ತೀರಿಕೊಂಡರು.

ಗುರು-ಶಿಷ್ಯರ ಕುರಿತು ಈ ಭಾಗದ ಜನ ಹೆಚ್ಚಾಗಿ ಹೇಳುವ ಕತೆ ಜನಿವಾರದ್ದು. ಮುಸ್ಲಿಮ ಹುಡುಗನನ್ನು ಮನೆಯೊಳಗೆ ಸೇರಿಸಿ ಜೊತೆಗೆ ಉಣ್ಣುತ್ತಾರೆಂದು ಕಳಸದ ಬ್ರಾಹ್ಮಣರು ತಕರಾರು ಎತ್ತಿದಾಗ ಭಟ್ಟರು ತಮ್ಮ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರಂತೆ. ಶರೀಫರು ಅದರ ಮೇಲೆ ಒಂದು ಪದವನ್ನೂ ಕಟ್ಟಿದ್ದಾರೆ. ಶಿಷ್ಯನನ್ನು ಮತಾಂತರ ಮಾಡುವುದು ಭಟ್ಟರ ಉದ್ದೇಶವಾಗಿರಲಿಲ್ಲ. ಹುಟ್ಟಿನಿಂದ ಬರುತ್ತದೆಂದು ಎಲ್ಲರೂ ನಂಬಿದ್ದ ಅಧಿಕಾರವನ್ನು ಕೈಯಾರೆ ಕೊಡಲೂ ಬಹುದು ಎಂದು ಅವರು ಊರೆದುರು ತೋರಿಸಿದರು. ಶರೀಫರೂ ಮುಸ್ಲಿಮರಾಗಿಯೇ ಉಳಿದು, ಮೊಹರಮ್ಮಿನ ರಿವಾಯತ್ ಪದಗಳನ್ನು ಬರೆದರು. ಅದೇ ಉಸಿರಿನಲ್ಲಿ ಶಿವನನ್ನೂ ದೇವಿಯನ್ನೂ ಹಾಡಿದರು. ಇದರಿಂದ ಎರಡೂ ಕಡೆಯವರ ಸಿಟ್ಟಿಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ.

ಸಾಹಿತ್ಯದಲ್ಲಿ ಈ ಮನೋಭಾವಕ್ಕೆ ಒದಗಿದ ರೂಪ ತತ್ವಪದ. ವಚನದಂತೆ ತತ್ವಪದದ ಕೊನೆಗೂ ಅಂಕಿತವಿರುತ್ತದೆ; ಶರೀಫರದು ಶಿಶುನಾಳಧೀಶ. ಆಸ್ಥಾನದ ಹಂಗಿಲ್ಲದ, ಶಾಸ್ತ್ರದ ಅಪ್ಪಣೆ ಬೇಡದ ಈ ಪ್ರಕಾರದಲ್ಲಿ ಕವಿ ಕಂಡದ್ದನ್ನು ಕಂಡಹಾಗೆ ಹೇಳಬಹುದಿತ್ತು. ಶರೀಫರ ಪದಗಳಿಗೆ ಸರಕಾದದ್ದು ದಿನದ ಬದುಕು: ಹುಕ್ಕಾ, ತಂಬೂರಿ, ಹೊಸದಾಗಿ ಬಂದ ಗಿರಣಿ, ಸಂತೆಗೆ ಹೊರಟ ಮುದುಕಿ. ಮಾಳಿಗೆ ಸೋರುವ ಪ್ರಸಿದ್ಧ ಪದವನ್ನೇ ನೋಡಬಹುದು. ಎರೆಸೀಮೆಯ ಮನೆಗಳದು ಜಂತಿಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಒಳಗೆ ನೀರು ಇಳಿಯುತ್ತದೆ. ಕೇಳುಗರು ವರ್ಷಾ ವರ್ಷ ಪಡುತ್ತಿದ್ದ ಆ ಪಾಡನ್ನೇ ಎತ್ತಿಕೊಂಡು ಶರೀಫರು ಅಜ್ಞಾನ ಕವಿದ ಮನಸ್ಸಿನ ಸ್ಥಿತಿಯನ್ನು ಹೇಳುತ್ತಾರೆ. ಸಂಸ್ಕೃತ ಬಲ್ಲವರು ಹೆಚ್ಚಾಗಿ ಆಡುತ್ತಿದ್ದ ವಿಚಾರ ಹೀಗೆ ಧಾರವಾಡದ ಆಡುಮಾತಿಗೆ ಇಳಿದು, ಭಜನೆ ಮೇಳಗಳ ಬಾಯಲ್ಲಿ ಊರೂರು ಸುತ್ತಿತು.

ಶರೀಫರು 1889ರಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಯಾವ ವಿಧಿಯಂತೆ ಆಗಬೇಕೆಂಬ ಪ್ರಶ್ನೆ ಎದ್ದು, ಕಡೆಗೆ ಎರಡೂ ಮತದವರು ತಮ್ಮ ತಮ್ಮ ವಿಧಿ ನಡೆಸಿದರೆಂದು ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ.

ಶರೀಫರ ಕಾಲದಲ್ಲಿ ಸುತ್ತಮುತ್ತ ಇಂಥವರು ಇನ್ನೂ ಇದ್ದರು. ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳು ಲೋಕರೂಢಿಗೆ ಸೊಪ್ಪು ಹಾಕದ ಅವಧೂತರು. ಹುಬ್ಬಳ್ಳಿಯ ಸಿದ್ಧಾರೂಢರು (1836-1929) ಜಾತಿ ಕೇಳದೆ ಬಂದವರಿಗೆಲ್ಲ ಮಂತ್ರೋಪದೇಶ ಮಾಡಿದರು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಇದೇ ನಂಟು ಸಂಗೀತದಲ್ಲಿ ತಿರುವುಮುರುವಾಗಿ ಕಾಣುತ್ತದೆ. ಕಳಸದಲ್ಲಿ ಬ್ರಾಹ್ಮಣ ಗುರುವಿಗೆ ಮುಸ್ಲಿಮ ಶಿಷ್ಯನಾದರೆ, ಕುಂದಗೋಳದ ಬ್ರಾಹ್ಮಣ ಹುಡುಗ ರಾಮಭಾವು ಕುಂದಗೋಳಕರನಿಗೆ ಗುರುವಾದವರು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872-1937). ರಾಮಭಾವು ಮುಂದೆ ಸವಾಯಿ ಗಂಧರ್ವರೆಂದು (1886-1952) ಹೆಸರಾದರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸಿ ಜನಪ್ರಿಯರೂ ಆದರು. ಸಂಗೀತಕ್ಕಾಗಿ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿದ ಗದಗಿನ ಭೀಮಸೇನ ಜೋಶಿ, ಉತ್ತರ ಭಾರತವನ್ನೆಲ್ಲ ಅಲೆದು ಬಂದು 1930ರ ದಶಕದಲ್ಲಿ ಇವರ ಮನೆಯಲ್ಲಿ ನೀರು ಹೊತ್ತು ವಿದ್ಯೆ ಕಲಿತರು. ಕುಂದಗೋಳದ ನಾಡಿಗೇರ ಮನೆತನದ ವಾಡೆ ಈ ಪರಂಪರೆಗೆ ಆಶ್ರಯವಾಯಿತು.

ಸವಾಯಿ ಗಂಧರ್ವರ ಶಿಷ್ಯರಲ್ಲಿ ಹೆಚ್ಚಿನ ಅಡೆತಡೆ ದಾಟಬೇಕಾದವರು ಗಂಗೂಬಾಯಿ ಹಾನಗಲ್ (1913-2009). ಹಾಡುವ ಹೆಂಗಸರನ್ನು ಕೀಳಾಗಿ ಕಾಣುತ್ತಿದ್ದ ಕಾಲ ಅದು. ಧಾರವಾಡದ ಬೀದಿಯಲ್ಲಿ ತಮ್ಮನ್ನು ಹಂಗಿಸುತ್ತಿದ್ದುದನ್ನು ಅವರೇ ನೆನೆದುಕೊಂಡಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳು ಹಿಡಿದದ್ದು ಹಿಂದೂಸ್ತಾನಿ ಸಂಗೀತ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಮುಗಿಸಿ ಮರಳುತ್ತಿದ್ದರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ಭಾರವಾಯಿತು. ಹೆಣ್ಣಿನ ಹಾಡೆಂದರೆ ಇಂಪಾದ ಸಣ್ಣ ದನಿ ಎಂದು ನಿರೀಕ್ಷಿಸುತ್ತಿದ್ದ ಶ್ರೋತೃಗಳ ಎದುರು ಅವರು ಅದೇ ಭಾರದ ದನಿಯಲ್ಲಿ ಕಿರಾಣಾ ಶೈಲಿಯನ್ನು ನಿಲ್ಲಿಸಿದರು. 2002ರಲ್ಲಿ ಪದ್ಮವಿಭೂಷಣ ಬಂತು.

ಇತ್ತ ಶರೀಫರ ಪದಗಳು ಭಜನೆ ಮೇಳಗಳ ಆಚೆಗೆ ನಾಡಿನೆಲ್ಲೆಡೆ ಹಬ್ಬಿದ್ದು ಸಿ. ಅಶ್ವಥ್ ಅವರ ಗಾಯನದಿಂದ ಮತ್ತು ಟಿ.ಎಸ್. ನಾಗಾಭರಣ ನಿರ್ದೇಶಿಸಿದ 1990ರ ಸಂತ ಶಿಶುನಾಳ ಶರೀಫ ಚಿತ್ರದಿಂದ. ಆ ಹೊತ್ತಿಗೆ ಊರಿನೊಡನೆ ಜಗಳವಾಡಿದ ಕವಿ ಎಲ್ಲರೂ ಒಪ್ಪುವ ಸಂತನಾಗಿದ್ದ. ಈ ಸೀಮೆಯ ಪ್ರತಿರೋಧದ ಶಕ್ತಿಯೂ ಮಿತಿಯೂ ಇಲ್ಲೇ ಇವೆ. ಗುರುವಿನ ಹೆಸರು ಬೆನ್ನಿಗಿದ್ದುದರಿಂದ ಕಟ್ಟಳೆ ಮೀರಿದವರು ಊರೊಳಗೇ ಬಾಳಿದರು, ಅವರ ಮಾತು ಅಳಿಯದೆ ಉಳಿಯಿತು. ಆದರೆ ಊರು ಮನ್ನಿಸಿದ್ದು ಆ ಒಬ್ಬೊಬ್ಬರನ್ನು ಮಾತ್ರ. ಶರೀಫರ ಗದ್ದುಗೆಗೆ ಕಾಯಿ ಒಡೆಸಿದವರ ಮನೆಗಳಲ್ಲೂ ಪಂಕ್ತಿಭೇದ ಬಹುಕಾಲ ನಡೆಯಿತು. ಅದು ಸಡಿಲವಾಗಲು ಶಾಲೆ, ಕಾನೂನು, ಹೋಟೆಲು, ರೈಲು ಬರಬೇಕಾಯಿತು.