ಧ್ರುವ, ಅತ್ರಿ ಮತ್ತು ಹೂಮಳೆ: ಕಾಫಿ ಬೆಟ್ಟಗಳ ಇರುಳಾಗಸದ ಮಬ್ಬನ್ನು ಅಳೆಯುವ ಬಗೆ

ಬೆಟ್ಟ ಹತ್ತಿದಷ್ಟೂ ಆಕಾಶ ಶುಭ್ರ ಎಂಬ ನಂಬಿಕೆ ಹವ್ಯಾಸಿ ಖಗೋಳ ವೀಕ್ಷಕರಲ್ಲಿ ಬೇರೂರಿದೆ. ಬೆಂಗಳೂರಿನ ದೀಪಗಳಿಂದ ರೋಸಿದವರು ದೂರದರ್ಶಕವನ್ನು ಕಾರಿಗೆ ಹೇರಿಕೊಂಡು ಚಿಕ್ಕಮಗಳೂರಿನತ್ತ ಹೊರಡುವುದು ಈ ನಂಬಿಕೆಯ ಮೇಲೆಯೇ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಇಲ್ಲಿದೆ. ಬಾಬಾ ಬುಡನ್‌ಗಿರಿಯೂ ಕುದುರೆಮುಖವೂ ಅದಕ್ಕಿಂತ ಹೆಚ್ಚೇನೂ ತಗ್ಗಿಲ್ಲ. ಆದರೂ ಫೆಬ್ರವರಿ, ಮಾರ್ಚ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಮೂಡಿಗೆರೆ, ಕಳಸದ ಕಡೆ ಬಂದವರು ಪೆಚ್ಚಾಗಿ ಹಿಂದಿರುಗುವುದು ಅಪರೂಪವಲ್ಲ. ಮೋಡವಿಲ್ಲ, ಚಂದ್ರನಿಲ್ಲ, ಮೇಲೆ ಮಹಾವ್ಯಾಧ ಚೊಕ್ಕವಾಗಿ ಹೊಳೆಯುತ್ತಿದ್ದಾನೆ. ದಕ್ಷಿಣ ದಿಗಂತಕ್ಕೆ ಮಾತ್ರ ತೆಳು ಮಜ್ಜಿಗೆ ಬಳಿದಂತಿದೆ.

ಈ ಮಬ್ಬನ್ನು ಅದೃಷ್ಟದ ಮಾತೆಂದು ಬಿಡಬೇಕಾಗಿಲ್ಲ. ಕಾಫಿಯನ್ನು ಇಲ್ಲಿ ಬೆಳೆಸಿದ ಭೂರಚನೆ ಮತ್ತು ಋತುಚಕ್ರವೇ ಮಬ್ಬನ್ನೂ ಬೆಳೆಸುತ್ತವೆ. ಆದ್ದರಿಂದ ಅದು ಎಂದು ಕವಿಯುತ್ತದೆ, ಎಂದು ತೊಳೆದುಹೋಗುತ್ತದೆ ಎಂಬುದನ್ನು ಕಾಫಿಯ ಪಂಚಾಂಗದಿಂದಲೇ ಬಹುಮಟ್ಟಿಗೆ ಹೇಳಬಹುದು. ಅಷ್ಟೇ ಅಲ್ಲ, ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದ ಅಳೆಯಲೂಬಹುದು. ಈ ಲೇಖನದ ವಾದ ಇಷ್ಟು.

13 ಡಿಗ್ರಿ ಅಕ್ಷಾಂಶದ ಲಾಭ ಮತ್ತು ದಂಡ

ಚಿಕ್ಕಮಗಳೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯುರೋಪಿನ ವೀಕ್ಷಕರು ಪುಸ್ತಕದಲ್ಲಷ್ಟೇ ನೋಡುವ ದಕ್ಷಿಣದ ಸಂಪತ್ತು ಇಲ್ಲಿ ದಿಗಂತದ ಮೇಲೇರುತ್ತದೆ. ಆದರೆ ಎಷ್ಟು ಮೇಲೆ? ಅಗಸ್ತ್ಯ ತನ್ನ ಪರಮ ಎತ್ತರದಲ್ಲಿ 24 ಡಿಗ್ರಿ. ಒಮೇಗಾ ಸೆಂಟಾರಿ ಎಂಬ ಮಹಾ ಗೋಳಗುಚ್ಛ 29 ಡಿಗ್ರಿ. ದೇವನೌಕೆಯ ಈಟಾ ನೀಹಾರಿಕೆ 17 ಡಿಗ್ರಿ. ತ್ರಿಶಂಕುವಿನ ಬುಡದ ನಕ್ಷತ್ರ 14 ಡಿಗ್ರಿ ಮುಟ್ಟುವುದೂ ಇಲ್ಲ. ಯಾವುದಕ್ಕಾಗಿ ಇಷ್ಟು ದಕ್ಷಿಣಕ್ಕೆ ಬಂದಿದ್ದೇವೋ ಅದೆಲ್ಲವೂ ದಿಗಂತದ ಕೆಳ ಪಟ್ಟಿಯಲ್ಲೇ ಇದೆ.

ನೆತ್ತಿಯ ದಿಕ್ಕಿನಲ್ಲಿ ಬೆಳಕು ದಾಟಿ ಬರಬೇಕಾದ ಗಾಳಿಯನ್ನು 1 ವಾಯುರಾಶಿ ಎಂದು ಹಿಡಿದರೆ, 30 ಡಿಗ್ರಿ ಎತ್ತರದಲ್ಲಿ ಅದು 2, 20 ಡಿಗ್ರಿಯಲ್ಲಿ 2.9, 10 ಡಿಗ್ರಿಯಲ್ಲಿ 5.6. ಸಾವಿರ ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಅಣುಗಳು ಮತ್ತು ಓಜೋನ್ ಸೇರಿ ಪ್ರತಿ ವಾಯುರಾಶಿಗೆ ಸುಮಾರು 0.12 ಕಾಂತಿಮಾನದಷ್ಟು ಬೆಳಕನ್ನು ಕಬಳಿಸುತ್ತವೆ. ಉಳಿದದ್ದು ತೇಲುಕಣಗಳ, ಎಂದರೆ ಏರೋಸಾಲ್‌ಗಳ ಕೆಲಸ: ಉಪಗ್ರಹಗಳು ಅಳೆಯುವ ಏರೋಸಾಲ್ ಆಪ್ಟಿಕಲ್ ಡೆಪ್ತ್ 0.1ರಷ್ಟು ಏರಿದರೆ ನಷ್ಟ ಇನ್ನೊಂದು 0.11 ಏರುತ್ತದೆ. ಲೆಕ್ಕಕ್ಕೆಂದು ಎರಡು ರಾತ್ರಿಗಳನ್ನು ಕಲ್ಪಿಸಿಕೊಳ್ಳೋಣ. ಮಳೆ ತೊಳೆದ ರಾತ್ರಿ ಒಟ್ಟು ನಷ್ಟ ಪ್ರತಿ ವಾಯುರಾಶಿಗೆ 0.25, ಮಬ್ಬಿನ ರಾತ್ರಿ 0.6.

ನೆತ್ತಿಯಲ್ಲಿ ಈ ಎರಡು ರಾತ್ರಿಗಳ ವ್ಯತ್ಯಾಸ 0.35 ಕಾಂತಿಮಾನ. ಪಳಗಿದ ಕಣ್ಣಿಗೂ ಅದು ಥಟ್ಟನೆ ಹೊಳೆಯುವುದಿಲ್ಲ. ತ್ರಿಶಂಕುವಿನ ಬುಡದಲ್ಲಿ ಅದೇ ವ್ಯತ್ಯಾಸ ಸುಮಾರು ಒಂದೂವರೆ ಕಾಂತಿಮಾನವಾಗುತ್ತದೆ, ಅಂದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತ್ರಿಶಂಕುವಿನ ನಾಲ್ಕು ಮುಖ್ಯ ತಾರೆಗಳಲ್ಲಿ ಕ್ಷೀಣವಾದದ್ದು ಪಟ್ಟಿಯಲ್ಲಿ 2.8, ಮಬ್ಬಿನ ರಾತ್ರಿ ಕಣ್ಣಿಗೆ 4.7ರಷ್ಟು ಮಂಕಾಗಿ ಕಾಣುತ್ತದೆ. ಕೆಳಗೆ ಯಾವುದಾದರೂ ಪೇಟೆಯ ದೀಪ ಇದ್ದರೆ ಅದೂ ಇಲ್ಲ, ಏಕೆಂದರೆ ಬೆಳಕನ್ನು ತಡೆಯುವ ಕಣಗಳೇ ಪೇಟೆಯ ಬೆಳಕನ್ನು ಚದುರಿಸಿ ಹಿನ್ನೆಲೆಯನ್ನೂ ಬೆಳಗಿಸುತ್ತವೆ. ಮೇಲೆ ನೋಡಿ ಆಕಾಶ ಚೆನ್ನಾಗಿದೆ ಎಂದು ತೀರ್ಮಾನಿಸಿ, ಆಮೇಲೆ ದಕ್ಷಿಣಕ್ಕೆ ದೂರದರ್ಶಕ ತಿರುಗಿಸಿದವರ ನಿರಾಸೆಯ ಹಿಂದಿರುವುದು ಈ ಗಣಿತ.

ಮಬ್ಬು ಎಲ್ಲಿಂದ

ಚಳಿಗಾಲದಲ್ಲಿ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ. 1999ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ವಿ. ರಾಮನಾಥನ್ ಮತ್ತು ಸಂಗಡಿಗರು ಅರಬ್ಬೀ ಸಮುದ್ರದ ಮೇಲೆ, ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಹರಡಿದ ಕಂದು ಮಬ್ಬನ್ನು ದಾಖಲಿಸಿದರು. ಅದು ನೆಲಕ್ಕಂಟಿದ ತೆಳು ಪದರವಾಗಿರಲಿಲ್ಲ. ಮೂರು ಕಿಲೋಮೀಟರ್ ಎತ್ತರದವರೆಗೂ ಇತ್ತು. ಆ ಗಾಳಿ ಕಡಲಿಗೆ ಇಳಿಯುವ ಮೊದಲು ದಾಟುವುದು ಪಶ್ಚಿಮ ಘಟ್ಟವನ್ನು. ಮೂರು ಕಿಲೋಮೀಟರ್ ದಪ್ಪದ ಮಬ್ಬಿನೊಳಗೆ ಮುಳ್ಳಯ್ಯನಗಿರಿಯ ತುದಿಯೂ ಮುಳುಗಿಯೇ ಇರುತ್ತದೆ. ಆದ್ದರಿಂದ ಇನ್ನೂರು ಮುನ್ನೂರು ಮೀಟರ್ ಹೆಚ್ಚು ಹತ್ತಿದರೆ ಕಣಿವೆಯ ಮಂಜಿನಿಂದ ಪಾರಾಗಬಹುದು, ಇದರಿಂದಲ್ಲ.

ಹೊರಗಿನಿಂದ ಬಂದದ್ದಕ್ಕೆ ಊರಿನದೂ ಸೇರುತ್ತದೆ. ನೀರೊಲೆಯ ಹೊಗೆ, ಲೈನ್ ಮನೆಗಳ ಸಂಜೆಯ ಒಲೆ, ತೋಟದಂಚಿನಲ್ಲಿ ಗುಡಿಸಿ ಸುಡುವ ತರಗೆಲೆ, ಫೆಬ್ರವರಿಯ ನಂತರ ಒಣಗಿದ ಹುಲ್ಲುಗುಡ್ಡಗಳಿಗೆ ಬೀಳುವ ಬೆಂಕಿ. ಇವುಗಳ ಜೊತೆಗೆ ತೇವಾಂಶ. ತೇಲುಕಣಗಳು ನೀರು ಹೀರುವ ಸ್ವಭಾವದವು. ಸಾಪೇಕ್ಷ ಆರ್ದ್ರತೆ ಶೇಕಡ 80 ದಾಟಿತೆಂದರೆ ಉಬ್ಬಿ, ಅಷ್ಟೇ ಕಣಗಳು ಹೆಚ್ಚು ಬೆಳಕನ್ನು ಚದುರಿಸುತ್ತವೆ. ಸಂಜೆ ಏಳಕ್ಕೆ ಚೊಕ್ಕವಾಗಿದ್ದ ಆಕಾಶ ಹನ್ನೊಂದಕ್ಕೆ ಮಾಸುವುದು ಹೊಸ ಹೊಗೆ ಬಂದಿದ್ದರಿಂದಲೇ ಆಗಬೇಕಿಲ್ಲ. ತೋಟ ತಣಿಯಿತು, ಇದ್ದ ಕಣ ಊದಿಕೊಂಡಿತು. ಭದ್ರೆಯ ದಂಡೆಯಲ್ಲಿ ಬೆಟ್ಟಗಳ ನಡುವೆ ಕುಳಿತಿರುವ ಕಳಸದಂಥ ಊರಿನಲ್ಲಿ ಇದು ಬೇಗ ಆಗುತ್ತದೆ, ನೆರಳು ಮರಗಳ ಅಡಿಯ ತೇವ ಇನ್ನಷ್ಟು ನೆರವಾಗುತ್ತದೆ.

ಇಲ್ಲೊಂದು ಪ್ರಾಯೋಗಿಕ ತೊಡಕು. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನ ತೋಟದಲ್ಲಿ ಆಕಾಶ ತೆರೆದಿರುವ ಜಾಗವೆಂದರೆ ಕಾಫಿ ಕಣ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಹಣ್ಣು ಹರವಿರುತ್ತದೆ. ರಾತ್ರಿ ಟಾರ್ಪಾಲಿನ ಹೊದಿಕೆ. ಮೂಲೆಯಲ್ಲಿ ಹೇಗೋ ಮುಕ್ಕಾಲಿ ಹೂಡಿದರೂ ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಹತ್ತರವರೆಗೆ ಬಿಸಿ ಉಗುಳುತ್ತದೆ, ಗುರುಗ್ರಹದ ಬಿಂಬ ಕುದಿಯುತ್ತದೆ. ಕಣ ತಣಿದ ಮೇಲೆ ಇಬ್ಬನಿ ಮಸೂರಕ್ಕೆ ಕೂರುತ್ತದೆ. ಮಬ್ಬಿಗೆ ಒಂದು ಸದ್ಗುಣವುಂಟು ಎಂದು ಒಪ್ಪಬೇಕು: ಮಬ್ಬನ್ನು ಹಿಡಿದಿಡುವ ನಿಶ್ಚಲ ಗಾಳಿಯಲ್ಲಿ ಗ್ರಹಬಿಂಬಗಳು ಹಲವು ಸಲ ಸ್ಥಿರವಾಗಿ ನಿಲ್ಲುತ್ತವೆ. ಶನಿಯ ಬಳೆ ನೋಡುವವರಿಗೆ ಅದೇ ಒಳ್ಳೆಯ ರಾತ್ರಿ, ನೀಹಾರಿಕೆ ಹುಡುಕುವವರಿಗಲ್ಲ.

ಎತ್ತರವೊಂದೇ ಸಾಲದು ಎಂಬುದು ವೃತ್ತಿಪರರಿಗೆ ಹಳೆಯ ಪಾಠ. ಕೊಡೈಕನಾಲ್ ವೀಕ್ಷಣಾಲಯ 2,343 ಮೀಟರ್ ಎತ್ತರದಲ್ಲಿದೆ. 1901ರಿಂದ ಸೂರ್ಯನ ಅಧ್ಯಯನಕ್ಕೆ ಹೆಸರಾಗಿದೆ. ಆದರೆ 1960ರ ದಶಕದಲ್ಲಿ ವೈನು ಬಾಪು ರಾತ್ರಿಯ ವೀಕ್ಷಣೆಗೆ ಜಾಗ ಹುಡುಕಿದಾಗ ಆರಿಸಿದ್ದು ಪೂರ್ವದ ಒಳನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು. ಅದರ ಎತ್ತರ 725 ಮೀಟರ್ ಮಾತ್ರ. 2.34 ಮೀಟರ್ ದೂರದರ್ಶಕ 1986ರಲ್ಲಿ ಅಲ್ಲೇ ಕಣ್ತೆರೆಯಿತು. ಚಿಕ್ಕಮಗಳೂರು ಜಿಲ್ಲೆಗೆ ಇದನ್ನು ಅನ್ವಯಿಸಿದರೆ ಉತ್ತರ ಕಳಸದಲ್ಲಿಲ್ಲ, ಮಳೆನೆರಳಿನ ಕಡೂರು, ಬೀರೂರು ಬಯಲಿನಲ್ಲಿದೆ. ತಗ್ಗು ನೆಲ, ಒಣ ಗಾಳಿ, ತೆರೆದ ದಕ್ಷಿಣ ದಿಗಂತ. ಪ್ರವಾಸೋದ್ಯಮದ ಜಾಹೀರಾತುಗಳಿಗೆ ಇದು ರುಚಿಸದ ಮಾತು.

ಹೂಮಳೆಯ ಕಿಟಕಿ

ಹಾಗೆಂದು ಕಾಫಿ ಬೆಟ್ಟಗಳನ್ನು ಕೈಬಿಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. 2020ರ ಜುಲೈಯಲ್ಲಿ ನಿಯೋವೈಸ್ ಧೂಮಕೇತು ಬಂದಾಗ ಮಲೆನಾಡಿನ ಮೇಲೆ ಮುಂಗಾರಿನ ಮುಚ್ಚಳವಿತ್ತು. ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆಗಳ ನಡುವಿನ ಬಿಡುವು ಮೊದಲ ಕಿಟಕಿ. ಎರಡನೆಯದು ಮಾರ್ಚ್, ಏಪ್ರಿಲ್‌ನಲ್ಲಿ ತೆರೆಯುತ್ತದೆ, ಮತ್ತು ಅದನ್ನು ಕಾಫಿ ಬೆಳೆಗಾರ ವೀಕ್ಷಕನಿಗಿಂತ ಹೆಚ್ಚು ಕಾತರದಿಂದ ಕಾಯುತ್ತಾನೆ: ಹೂಮಳೆ. ಒಂದು ಹದವಾದ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟ ಬೆಳ್ಳಗಾಗುತ್ತದೆ. ಅದೇ ಮಳೆ ತಿಂಗಳುಗಳಿಂದ ತೇಲುತ್ತಿದ್ದ ಹೊಗೆ ಧೂಳನ್ನು ಕೆಳಗಿಳಿಸುತ್ತದೆ, ಹುಲ್ಲುಗುಡ್ಡದ ಬೆಂಕಿಯನ್ನೂ ಆರಿಸುತ್ತದೆ. ಶುಭ್ರತೆ ಬಹುಕಾಲ ನಿಲ್ಲುವುದಿಲ್ಲ. ಗಾಳಿ ಹೊಸ ಕಣಗಳನ್ನು ಹೊತ್ತು ತರುವವರೆಗಿನ ಕೆಲವೇ ರಾತ್ರಿಗಳು. ನೆಲ ನೆನೆದಿರುವುದರಿಂದ ಕಣಿವೆಯಲ್ಲಿ ಮಂಜು ತುಂಬುತ್ತದೆ. ಕಣಿವೆಯ ತಳ ಬಿಟ್ಟು ಇಳಿಜಾರಿನ ಮೇಲೆ ನಿಲ್ಲಬೇಕಾದದ್ದು ಆಗ.

ಕಾಲದ ಹೊಂದಾಣಿಕೆ ನೋಡಿ. ಸೂರ್ಯ ರೇವತಿ ನಕ್ಷತ್ರದಲ್ಲಿರುವ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗಿನ ದಿನಗಳ ಮಳೆಯನ್ನು ರೇವತಿ ಮಳೆ ಎನ್ನುತ್ತೇವೆ. ರೇವತಿ ಆಗ ಹಗಲಿನಲ್ಲಿ ಮುಳುಗಿರುತ್ತದೆ. ನಡುರಾತ್ರಿಯ ಹೊತ್ತಿಗೆ ಮಧ್ಯರೇಖೆಯ ಬಳಿ ಇರುವುದು ಅದರ ಎದುರಿನ ಹಸ್ತಾ, ಚಿತ್ತಾ. ಹಸ್ತಾದಿಂದ ನೇರ ಕೆಳಗೆ ಕಣ್ಣಿಳಿಸಿದರೆ ತ್ರಿಶಂಕು. ವರ್ಷದಲ್ಲಿ ತ್ರಿಶಂಕು ನಡುರಾತ್ರಿ ನೆಟ್ಟಗೆ ನಿಲ್ಲುವ ವಾರಗಳೂ ಹೂಮಳೆಯ ವಾರಗಳೂ ಹೀಗೆ ಒಂದರ ಮೇಲೊಂದು ಬೀಳುತ್ತವೆ. 1986ರ ಏಪ್ರಿಲ್ 11ರಂದು ಹ್ಯಾಲಿ ಧೂಮಕೇತು ಭೂಮಿಗೆ ಅತಿ ಸಮೀಪ ಬಂದಾಗ ಇದ್ದದ್ದೂ ಇದೇ ದಕ್ಷಿಣ ಪಟ್ಟಿಯಲ್ಲಿ, ನಮ್ಮಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ.

ಎರಡು ತಾರೆಗಳ ಒರೆಗಲ್ಲು

ಇನ್ನು ಅಳತೆ. ಬರಿಗಣ್ಣಿನ ವೀಕ್ಷಕರು ಕೃತ್ತಿಕೆಯ ತಾರೆಗಳನ್ನು ಎಣಿಸಿ ಆಕಾಶದ ಗುಣ ಹೇಳುವುದುಂಟು. ಆದರೆ ಕೃತ್ತಿಕೆ ಗಂಟೆಗೊಂದು ಎತ್ತರದಲ್ಲಿರುತ್ತದೆ, ಏಪ್ರಿಲ್ ಹೊತ್ತಿಗೆ ಸಂಜೆಯೇ ಮುಳುಗುತ್ತದೆ. ನಮಗೆ ಬೇಕಾದದ್ದು ಅಲುಗದ ದೀಪ. ಅದು ಧ್ರುವ. ಬೇರೆ ದೇಶಗಳಲ್ಲಿ ಎತ್ತರದಲ್ಲಿ ಕುಳಿತು ಮಬ್ಬಿಗೆ ಅಷ್ಟಾಗಿ ಜಗ್ಗದ ಧ್ರುವ, ನಮ್ಮ ಅಕ್ಷಾಂಶದಲ್ಲಿ ವರ್ಷವಿಡೀ, ರಾತ್ರಿಯಿಡೀ 13 ಡಿಗ್ರಿಯ ಆಸುಪಾಸಿನಲ್ಲೇ, 4.25 ವಾಯುರಾಶಿಗಳ ಆಚೆ ಇರುತ್ತದೆ. ದೂರದರ್ಶಕವನ್ನು ಧ್ರುವಕ್ಕೆ ಹೊಂದಿಸಲು ಹೆಣಗಾಡುವವರಿಗೆ ಇದು ಶಾಪ, ಮಬ್ಬನ್ನು ಅಳೆಯುವವರಿಗೆ ವರ.

ಹೋಲಿಕೆಗೆ ಸಪ್ತರ್ಷಿಗಳಲ್ಲಿ ಅತಿ ಮಂಕಾದ ಅತ್ರಿಯನ್ನು ಆರಿಸಬಹುದು. ಅತ್ರಿಯ ಕಾಂತಿಮಾನ 3.3, ಧ್ರುವದ್ದು 2.0, ಅಂಕಿ ಹೆಚ್ಚಿದಷ್ಟೂ ತಾರೆ ಮಂಕು. ಅತ್ರಿ ಮಧ್ಯರೇಖೆಗೆ ಬಂದಾಗ ಉತ್ತರದಲ್ಲಿ 46 ಡಿಗ್ರಿ ಎತ್ತರದಲ್ಲಿರುತ್ತಾನೆ, 1.4 ವಾಯುರಾಶಿ. ಮಳೆ ತೊಳೆದ ರಾತ್ರಿಯ ಲೆಕ್ಕದಲ್ಲಿ ಧ್ರುವ 3.0, ಅತ್ರಿ 3.7 ಆಗಿ ಕಾಣುತ್ತವೆ, ಧ್ರುವದ್ದೇ ಮೇಲುಗೈ. ಮಬ್ಬಿನ ರಾತ್ರಿ ಧ್ರುವ 4.5ಕ್ಕೆ ಕುಸಿಯುತ್ತದೆ, ಅತ್ರಿ 4.1ರಲ್ಲಿ ನಿಲ್ಲುತ್ತಾನೆ. ಎರಡೂ ಸಮನಾಗುವುದು ಆಪ್ಟಿಕಲ್ ಡೆಪ್ತ್ ಸುಮಾರು 0.3 ಇದ್ದಾಗ. ಧ್ರುವ ಅತ್ರಿಗಿಂತ ಪ್ರಕಾಶಮಾನವೇ, ಸಮವೇ, ಮಂಕೇ ಎಂಬ ಒಂದೇ ಪ್ರಶ್ನೆ ಸಾಕು. ಅತ್ರಿ ಮಧ್ಯರೇಖೆ ದಾಟುವ ಹೊತ್ತಿಗೇ ತ್ರಿಶಂಕುವೂ ದಾಟುತ್ತದೆ ಎಂಬುದು ಈ ಜೋಡಿಯನ್ನು ಆರಿಸಲು ಇನ್ನೊಂದು ಕಾರಣ: ಉತ್ತರಕ್ಕೆ ನೋಡಿ ಉತ್ತರ ಪಡೆದು, ದಕ್ಷಿಣಕ್ಕೆ ತಿರುಗಬೇಕೋ ಬೇಡವೋ ತೀರ್ಮಾನಿಸಬಹುದು. ಹಿಂಗಾರಿನ ಕಿಟಕಿಗೆ ಕುಂತಿ ಪುಂಜದ ಐದು ತಾರೆಗಳಲ್ಲಿ ಮಂಕಾದ ತುದಿಯ ತಾರೆ ಇದೇ ಕೆಲಸ ಮಾಡುತ್ತದೆ. ಅಲ್ಲಿ ಸಮವಾಗುವ ಗಡಿ ಮಾತ್ರ ಸ್ವಲ್ಪ ಮೇಲೆ.

ಈ ಪರೀಕ್ಷೆಗೆ ಮಿತಿಗಳಿವೆ. ಉತ್ತರದಲ್ಲಿ ಬೆಟ್ಟ ಅಡ್ಡವಿದ್ದರೆ ನಡೆಯದು. ತೆಳುವಾದ ಎತ್ತರದ ಮೋಡವೂ ಧ್ರುವವನ್ನು ಮಂಕಾಗಿಸುತ್ತದೆ. ಅದು ಗಂಟೆಯೊಳಗೆ ಬದಲಾಗುತ್ತದೆ, ಮಬ್ಬು ಹಾಗಲ್ಲ, ಆದ್ದರಿಂದ ಎರಡು ಸಲ ನೋಡಬೇಕು. ಉತ್ತರದಲ್ಲಿ ಪೇಟೆಯ ಬೆಳಕಿದ್ದರೆ ಧ್ರುವಕ್ಕೆ ಅನ್ಯಾಯವಾಗುತ್ತದೆ.

ಉಪಗ್ರಹಗಳಿರುವಾಗ ಕಣ್ಣಳತೆ ಏಕೆ ಎಂದು ಕೇಳಬಹುದು. 2020ರ ಏಪ್ರಿಲ್‌ನ ಲಾಕ್‌ಡೌನ್‌ನಲ್ಲಿ ಉತ್ತರ ಭಾರತದ ಏರೋಸಾಲ್ ಇಪ್ಪತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿದೆ ಎಂದು ನಾಸಾ ಪ್ರಕಟಿಸಿತು. ದಕ್ಷಿಣದಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಹಿಂದಿನ ನಾಲ್ಕು ವರ್ಷಗಳಿಗಿಂತ ತುಸು ಹೆಚ್ಚೇ ಇದ್ದಂತಿತ್ತು, ಕಾರಣ ಸ್ಪಷ್ಟವಿಲ್ಲ ಎಂದೂ ಅದೇ ವರದಿ ಹೇಳಿತು. ಹವಾಮಾನ, ಬೇಸಾಯದ ಬೆಂಕಿ, ಗಾಳಿ ಎಂಬ ಸಾಧ್ಯತೆಗಳನ್ನಷ್ಟೇ ಅದು ಪಟ್ಟಿ ಮಾಡಿತು. ಇಂಥ ಕಡೆ ನೆಲದ ಮೇಲಿನ ದಾಖಲೆಗೆ ಬೆಲೆ ಬರುತ್ತದೆ. ಕಾಫಿ ತೋಟಗಳಲ್ಲಿ ದಾಖಲೆಯ ಶಿಸ್ತು ಹೊಸದೇನಲ್ಲ: ಮಳೆಮಾಪಕದಲ್ಲಿ ಬಿದ್ದದ್ದನ್ನು ಒಂದು ಇಂಚು ನಲವತ್ತು ಸೆಂಟ್ಸ್ ಎಂದು ಬರೆದಿಟ್ಟ ರಿಜಿಸ್ಟರುಗಳು ತಲೆಮಾರುಗಳಿಂದ ಉಳಿದುಬಂದಿವೆ. ಅದೇ ಪುಟದಲ್ಲಿ ಇನ್ನೊಂದು ಕಾಲಂ ಎಳೆದು, ಧ್ರುವ ಮೇಲಾದರೆ ಒಂದು ಗುರುತು, ಅತ್ರಿ ಮೇಲಾದರೆ ಇನ್ನೊಂದು, ಎರಡೂ ಕಾಣದಿದ್ದರೆ ಅಡ್ಡಗೆರೆ ಹಾಕಿದರೆ ಸಾಕು. ಹೂಮಳೆ ಎಷ್ಟು ಸೆಂಟ್ಸ್ ಬಿದ್ದರೆ ಆಕಾಶ ಎಷ್ಟು ರಾತ್ರಿ ತಿಳಿಯಾಗಿರುತ್ತದೆ, ಮೂಡಿಗೆರೆಗೂ ಕಳಸಕ್ಕೂ ಅದರಲ್ಲಿ ವ್ಯತ್ಯಾಸವೆಷ್ಟು ಎಂಬುದನ್ನು ಅಂಥ ಹತ್ತಾರು ತೋಟಗಳ ಪುಟಗಳನ್ನು ಜೋಡಿಸಿಯೇ ಹೇಳಬೇಕು.